ಬೀಗರ ದಪ್ಪ ಪುಸ್ತಕ

ಕಾಕಾ ಹೋದರು ಎಂಬ ಮೆಸೇಜ್ ಬಂದಾಗ ನಾನು ಸಿಡ್ನಿಯ ಟೂಂಗಾಬಿಯ ಅಂಗಡಿಯಲ್ಲಿ ಮೆಂತ್ಯದ ಕಟ್ಟು ಆರಿಸುತ್ತಿದ್ದೆ. ಸತ್ತವರ ವಿಷಯದಲ್ಲಿ ಸುಳ್ಳು ಹೇಳಬಾರದು. ನನಗೆ ಮೊದಲು ಬಂದ ಯೋಚನೆ, ಸದ್ಯ, ಇನ್ನು ಆ ಪುಸ್ತಕದ ಎರಡನೇ ಮುದ್ರಣ ಟೈಪ್ ಮಾಡುವುದು ತಪ್ಪಿತು ಎಂಬುದು. ಅಳು ಬಂದದ್ದು ಆಮೇಲೆ, ಕಾರಿನಲ್ಲಿ ಕೂತ ಮೇಲೆ. ಅಷ್ಟರೊಳಗೆ ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಬದುಕಿದ್ದಾಗ ಅವರು ಮೈಕ್ ಹಿಡಿದರೆ ಸಾಕು, ಮೆಲ್ಲಗೆ ಎದ್ದು ಕಾಫಿಯ ಕಡೆಗೆ ನಡೆಯುತ್ತಿದ್ದವರೆಲ್ಲ ಅವರನ್ನು ಜ್ಞಾನಭಂಡಾರ ಎಂದು ಕರೆದಿದ್ದರು.

ಅವರ ಹೆಸರು ಇಲ್ಲಿ ಬೇಡ. ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಮನೆಯಿಂದ ನಾಲ್ಕನೇ ಮನೆ ಅವರದು. ಧಾರವಾಡದವರು. ಜೀವಮಾನವಿಡೀ ನೀರಿನ ಪೈಪುಗಳ ನಕ್ಷೆ ಬರೆದು ನಿವೃತ್ತರಾದ ಎಂಜಿನಿಯರ್. ಅಂಕಲ್ ಎಂದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಕಾಕಾ ಅನ್ನಬೇಕು, ಹೆಂಡತಿಯನ್ನು ಕಾಕೂ ಅನ್ನಬೇಕು. ಮೈಸೂರಿನ ಕಡೆಯವಳಾದ ನನಗೆ ಮೊದಮೊದಲು ಅದು ನಾಲಿಗೆಗೆ ಹತ್ತಲಿಲ್ಲ. ಹತ್ತಿದ ಮೇಲೆ ಬಿಡಲಿಲ್ಲ. ಈ ಸಬರ್ಬಿಗೆ ಬಂದ ಮೊದಲ ಕನ್ನಡಿಗ ತಾನೇ ಎಂಬುದು ಅವರ ವಾದ. ತಾವು ಬಂದಾಗ ಇಲ್ಲಿ ಏನೂ ಇರಲಿಲ್ಲವಂತೆ. ರೈಲ್ವೆ ಸ್ಟೇಷನ್ ಇತ್ತು, ಶಾಲೆ ಇತ್ತು, ಎರಡು ಸಾಲು ಅಂಗಡಿ ಇದ್ದವು ಎಂದು ಕಾಕೂ ಒಳಗಿನಿಂದ ಹೇಳುವರು. ಕಾಕಾಗೆ ಅಡುಗೆಮನೆಯಿಂದ ಬಂದ ಮಾತು ಕೇಳುತ್ತಿರಲಿಲ್ಲ. ಹೆಂಡತಿಯನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎದುರಿಗಿದ್ದರೆ ‘ಇಕಿ’, ಇಲ್ಲದಿದ್ದರೆ ‘ನಮ್ಮಾಕಿ’.

ಒಬ್ಬಳೇ ಮಗಳು ಮೆಲ್ಬರ್ನ್‌ನಲ್ಲಿ ಓದಿ, ಅಲ್ಲೇ ಒಬ್ಬ ಬೆಳ್ಳಗಿನ, ಉದ್ದನೆಯ ಹುಡುಗನನ್ನು ಮೆಚ್ಚಿದಳು. ಹುಡುಗನ ಹಿರೀಕರು ನಾರ್ವೆಯವರು. ನಾರ್ವೆಯಿಂದ ಅಮೆರಿಕದ ಬಯಲುಸೀಮೆಗೆ ಹೋಗಿ, ಅಲ್ಲಿ ಮೂರು ತಲೆಮಾರು ಬೇಸಾಯ ಮಾಡಿ, ನಾಲ್ಕನೆಯವರಾದ ಹುಡುಗನ ತಂದೆ ಅಲ್ಲಿಂದ ಎದ್ದು ಮೆಲ್ಬರ್ನ್‌ಗೆ ಬಂದವರು. ಮದುವೆಯ ದಿನ ಹುಡುಗನ ತಂದೆ ನಮ್ಮ ಕಾಕಾಗೆ ಎರಡೂ ಕೈಯಿಂದ ಒಂದು ಪೊಟ್ಟಣ ಕೊಟ್ಟರು. ಬೀಗರ ಉಡುಗೊರೆ. ಬಿಚ್ಚಿ ನೋಡಿದರೆ ಪುಸ್ತಕ, ಇಟ್ಟಿಗೆಯಷ್ಟು ದಪ್ಪ, ಅವರ ಮನೆತನದ ಚರಿತ್ರೆ. ಬೀಗರು ಅಂದಮೇಲೆ ಒಂದು ಶಲ್ಯವಾದರೂ ಹೊದಿಸಬೇಕು, ಇವರು ರದ್ದಿ ಕೊಟ್ಟಿದ್ದಾರೆ ಎಂದು ಕಾಕಾ ವಿಮಾನದಲ್ಲಿ ಸಿಡ್ನಿಯವರೆಗೂ ಗೊಣಗಿದರಂತೆ.

ಆಡಿಕೊಳ್ಳುವುದಕ್ಕೆ ಸಾಮಗ್ರಿ ಬೇಕಲ್ಲ, ಅದಕ್ಕಾಗಿ ಓದಲು ಕೂತರು. ಹದಿನೈದು ದಿನ ಕಾಕಾ ಹೊರಗೆ ಕಾಣಿಸಲಿಲ್ಲ. ಕಾಣಿಸಿಕೊಂಡಾಗ ಬೇರೆ ಮನುಷ್ಯನಾಗಿದ್ದರು. ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, ಬಯಲಿನಲ್ಲಿ ಒಂದು ಮರವೂ ಇಲ್ಲದಿದ್ದರೆ ಮನೆ ಹೇಗೆ ಕಟ್ಟುತ್ತೀ ಹೇಳು ನೋಡೋಣ ಎಂದು ಕೇಳಿದರು. ನನಗೆ ಟ್ರೈನಿಗೆ ಹೊತ್ತಾಗಿತ್ತು. ಹುಲ್ಲಿನ ಬೇರು ಹಿಡಿದ ಮಣ್ಣನ್ನು ಹೆಂಟೆ ಹೆಂಟೆಯಾಗಿ ಕೊಯ್ದು, ಒಂದರ ಮೇಲೊಂದು ಪೇರಿಸಬೇಕಂತೆ. ಮಳೆ ಬಂದರೆ ಮೂರು ದಿನ ಸೂರಿನಿಂದ ಕೆಸರು ತೊಟ್ಟಿಕ್ಕುತ್ತದಂತೆ, ಒಮ್ಮೊಮ್ಮೆ ಹಾವು ಬೀಳುತ್ತದಂತೆ. ಸರ್ಕಾರ ಭೂಮಿ ಪುಕ್ಕಟೆ ಕೊಡುತ್ತಿತ್ತು, ಆದರೆ ಐದು ವರ್ಷ ಅಲ್ಲೇ ವಾಸವಿದ್ದು ಉತ್ತು ತೋರಿಸಿದರೆ ಮಾತ್ರ ಪಟ್ಟಾ. ‘ನಮ್ಮ ಪಿಆರ್ ಇದ್ದಾಂಗ’ ಎಂದು, ಇಲ್ಲಿನ ಕಾಯಂ ವಾಸದ ವೀಸಾಕ್ಕೆ ಹೋಲಿಸಿ, ಕಾಕಾ ತೀರ್ಪು ಕೊಟ್ಟರು. ನನ್ನ ಟ್ರೈನ್ ಹೋಯಿತು.

ಆಮೇಲಿನ ಒಂದೆರಡು ವರ್ಷ ನಾವೆಲ್ಲ ಅನುಭವಿಸಿದ್ದು ಪ್ರಾರಬ್ಧ. ಮೂಲಪುರುಷನ ಹೆಸರು ಊಲೆ. ಕಾಕಾ ಬಾಯಲ್ಲಿ ಅವನು ಓಲೆಪ್ಪನಾದ. ಅವನ ಹೆಂಡತಿ ಗುನ್ಹಿಲ್ಡ್ ಗುಣವ್ವಳಾದಳು. ಅವರ ಹಸುವಿನ ಹೆಸರು ಡಾಗ್ರೋಸ್. ಅದು ಮಾತ್ರ ಹಾಗೇ ಉಳಿಯಿತು, ಏಕೆಂದರೆ ಹಸುವಿನ ಮೇಲೆ ಕಾಕಾಗೆ ಗೌರವ ಹೆಚ್ಚು. ಹಿಮದ ಬಿರುಗಾಳಿಯಲ್ಲಿ ದಾರಿ ತಪ್ಪಬಾರದೆಂದು ಗುಣವ್ವ ಮನೆಯಿಂದ ಕೊಟ್ಟಿಗೆಯವರೆಗೆ ಹಗ್ಗ ಕಟ್ಟಿ, ಅದನ್ನು ಹಿಡಿದುಕೊಂಡು ಹೋಗಿ ಹಾಲು ಕರೆಯುತ್ತಿದ್ದಳು. ಎರಡು ಮಕ್ಕಳನ್ನು ಕಳೆದುಕೊಂಡಳು. ಊರಿನಿಂದ ತಂದ ಹೂಬಳ್ಳಿ ಬಿಡಿಸಿದ ಬಣ್ಣದ ಪೆಟ್ಟಿಗೆಯನ್ನು ಮಾತ್ರ ಸಾಯುವವರೆಗೂ ಯಾರಿಗೂ ಮುಟ್ಟಗೊಡಲಿಲ್ಲ. ಗಣೇಶನ ಹಬ್ಬಕ್ಕೆ ಬಾಡಿಗೆಯ ಸಭಾಂಗಣದಲ್ಲಿ ಸೇರಿದಾಗ, ಹಬ್ಬದ ಮಹತ್ವ ಕುರಿತು ಐದು ನಿಮಿಷ ಮಾತಾಡಿ ಎಂದು ಕಾಕಾಗೆ ಮೈಕ್ ಕೊಟ್ಟರೆ, ಓಲೆಪ್ಪನ ಗೋಧಿಯನ್ನು ಮಿಡತೆಗಳು ತಿಂದ ಕಥೆಯನ್ನು ಅರ್ಧ ಗಂಟೆ ಹೇಳಿದರು. ಮಿಡತೆಗಳು ಗುದ್ದಲಿಯ ಹಿಡಿಯನ್ನೂ ಕಡಿದು ತಿಂದವು ಎನ್ನುವಾಗ ಅವರ ಕಣ್ಣಲ್ಲಿ ನೀರು. ಮಂಟಪದಲ್ಲಿ ಕೂತ ಗಣೇಶನನ್ನು ಯಾರೂ ವಿಚಾರಿಸಲಿಲ್ಲ.

ಆದರೆ ಕಾಕಾ ದಡ್ಡರಲ್ಲ. ಮೊಮ್ಮಗಳು ಹುಟ್ಟಿ ಎಷ್ಟೋ ವರ್ಷದ ಮೇಲೆ ಒಂದು ಕ್ರಿಸ್‌ಮಸ್ಸಿಗೆ ಮೆಲ್ಬರ್ನ್‌ಗೆ ಹೋದವರು, ಊಟದ ಮೇಜಿನಲ್ಲಿ ಎಲ್ಲರೆದುರು ಬೀಗರ ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟರು. ನಮ್ಮವರು ಹೋದಾಗ ಆ ಬಯಲು ಖಾಲಿ ಇತ್ತು ಎಂದು ಅಲ್ಲಿ ಬರೆದಿತ್ತು. ವಾಪಸು ಬಂದು ನನಗೆ ಹೇಳಿದ್ದು ಹೀಗೆ:

“ಖಾಲಿ ಇದ್ದದ್ದು ಯಾವ ಸರ್ಕಾರನೂ ಪುಕ್ಕಟೆ ಕೊಡಂಗಿಲ್ಲ ತಂಗಿ. ಮೊದಲ ಇದ್ದವರನ್ನ ಎಬ್ಬಿಸಿ ಕಳಿಸಿದ ಮ್ಯಾಲೆನ ಖಾಲಿ ಆಗೂದು. ಅವರು ಎಲ್ಲಿ ಹೋದ್ರು ಅಂತ ಅಷ್ಟು ದೊಡ್ಡ ಪುಸ್ತಕದಾಗ ಒಂದ ಸಾಲು ಇಲ್ಲ. ಚರಿತ್ರೆ ಬರಿಯವ ಬಿಟ್ಟದ್ದನ್ನ ಮೊದಲು ನೋಡಬೇಕು.”

ಹೀಗೆ ಹೇಳಿದವರು ಕ್ವೇಕರ್ಸ್ ಹಿಲ್‌ನಲ್ಲಿ ತಾವು ಬಂದಾಗ ಏನೂ ಇರಲಿಲ್ಲ ಎನ್ನುವ ಅದೇ ಮಹಾಶಯರು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕುವುದಕ್ಕೆ ನಾವೇನು ಕಾಕಾಗೆ ಕಲಿಸಬೇಕಾಗಿರಲಿಲ್ಲ. ಬೀಗರು ಜಗಳಕ್ಕೆ ಬರಲಿಲ್ಲ. ನೀವು ಹೇಳಿದ್ದು ಸರಿ, ನಾವು ಯಾರೂ ಗಮನಿಸಿರಲಿಲ್ಲ ಎಂದು ಒಪ್ಪಿಕೊಂಡು, ಆರು ತಿಂಗಳು ಪತ್ರ ಬರೆದು ವಿಚಾರಿಸಿ, ಆ ಭೂಮಿಯ ಮೊದಲಿನ ಜನರ ಮೇಲೆ ಒಂದು ಅಧ್ಯಾಯವನ್ನೇ ಸೇರಿಸಿ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದರು. ಅದೇ ಮುದ್ರಣದಲ್ಲಿ ಮಗನ ಮದುವೆಯನ್ನೂ ಮೊಮ್ಮಗಳನ್ನೂ ಸೇರಿಸಿದರು. ಒಂದು ಪುಟ ಪೂರ್ತಿ ನಮ್ಮ ಕಾಕಾ ಮತ್ತು ಕಾಕೂ: ಫೋಟೋ, ಹುಟ್ಟಿದ ಊರು, ಆಸ್ಟ್ರೇಲಿಯಕ್ಕೆ ಬಂದ ಬಗೆ, ಕಾಕೂ ಮಾಡುವ ಹೋಳಿಗೆಯ ವಿಧಾನ. ಸೋತದ್ದು ಯಾರು, ಗೆದ್ದದ್ದು ಯಾರು ಎಂದು ಕಾಕಾಗೆ ತಿಳಿಯಲಿಲ್ಲ. ಬೀಗರ ಪುಸ್ತಕ ಇನ್ನಷ್ಟು ದಪ್ಪವಾದದ್ದು ಮಾತ್ರ ಕಣ್ಣಿಗೆ ಕುಕ್ಕುತ್ತಿತ್ತು.

ನಮ್ಮದೂ ಒಂದು ಆಗಲೇಬೇಕು ಎಂದು ಅವತ್ತೇ ತೀರ್ಮಾನವಾಯಿತು. ಬೀಗರಿಗೆ ಆರು ತಲೆಮಾರು, ನಮಗೆ ಹದಿನಾಲ್ಕು. ಧಾರವಾಡದ ಅಣ್ಣನ ಮನೆಯಿಂದ ವಂಶಾವಳಿಯ ಫೋಟೋ ತರಿಸಿಕೊಂಡರು. ಮೂಲಪುರುಷನಿಂದ ಹಿಡಿದು ಮಗ, ಅವನ ಮಗ, ಅವನ ಮಗ ಎಂದು ಬೇರಿನಿಂದ ತುದಿಯವರೆಗೆ ಹೆಸರುಗಳು. ಅದನ್ನು ಪೈಪಿನ ನಕ್ಷೆಯಂತೆ ಸ್ಕೇಲ್ ಹಿಡಿದು ಬರೆದರು. ಕನ್ನಡ ಟೈಪ್ ಬರುತ್ತದೆ ಎಂದು ಒಮ್ಮೆ ಬಾಯಿ ಬಿಟ್ಟಿದ್ದ ತಪ್ಪಿಗೆ ನಾನು ಸಿಕ್ಕಿಬಿದ್ದೆ. ಎಂಟು ಶನಿವಾರ ಅವರ ಡೈನಿಂಗ್ ಟೇಬಲ್ಲಿನಲ್ಲಿ ಕೂತು ಟೈಪ್ ಮಾಡಿದೆ. ಕಾಕಾ ಹೇಳುವರು, ನಾನು ಹೊಡೆಯುವೆ, ಕಾಕೂ ಚಹಾ ತಂದಿಡುವರು. ಆದರೆ ಹದಿನಾಲ್ಕು ತಲೆಮಾರು ಅರವತ್ತು ಪುಟಕ್ಕೆ ಮುಗಿದುಹೋಯಿತು. ಇವರು ಇಂಥವರ ಮಗ, ವೇದಸಂಪನ್ನರು. ಇವರು ಇಂಥವರ ಮಗ, ಶ್ಯಾನುಭೋಗರು. ಬೇರೆ ಏನೂ ಗೊತ್ತಿಲ್ಲ. ಒಬ್ಬನಿಗೂ ಒಂದು ಹಸುವಿಲ್ಲ, ಹಸುವಿಗೊಂದು ಹೆಸರಿಲ್ಲ. ‘ಅಕ್ಷರ ದೊಡ್ಡದು ಮಾಡು ತಂಗಿ’ ಎಂದರು. ಮಾಡಿದೆ. ಸಾಲದು, ಇನ್ನಷ್ಟು ಮಾಡು ಎಂದರು. ಕೊನೆಗೆ ಒಂದನೇ ತರಗತಿಯ ಪಾಠಪುಸ್ತಕದಂತೆ ನೂರಿಪ್ಪತ್ತು ಪುಟವಾಯಿತು. ದಪ್ಪ ಕಾಗದ, ಗಟ್ಟಿ ರಟ್ಟು, ಮೇಲೆ ಬಂಗಾರದ ಅಕ್ಷರ.

ಬೀಗರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಅದನ್ನು ಕೈಯಾರೆ ಕೊಡುವುದೆಂದು ನಿಶ್ಚಯವಾಯಿತು. ನನ್ನ ಮಗಳು ಮೆಲ್ಬರ್ನ್‌ನಲ್ಲಿ ಓದುತ್ತಿದ್ದುದರಿಂದ ನಾನೂ ಅವರ ಜೊತೆ ಕಾರಿನಲ್ಲಿ ಹೊರಟೆ. ಒಂಬತ್ತು ತಾಸಿನ ದಾರಿ. ಒಂಬತ್ತು ತಾಸೂ ಓಲೆಪ್ಪನ ಎತ್ತಿನ ಗಾಡಿ. ನಡುವೆ ಹೈವೇ ಪಕ್ಕದ ಕಟ್ಟೆಯ ಮೇಲೆ ಕಾಕೂ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಬಿಚ್ಚಿದರು. ನಾವು ಮೂರು ಜನ, ಅವರು ಕಟ್ಟಿದ್ದು ಹತ್ತು ಜನರ ಊಟ. ಯಾರಾದರೂ ಬಂದರೆ ಇರಲಿ ಎಂದರು. ಹ್ಯೂಮ್ ಹೈವೇಯಲ್ಲಿ ಯಾರು ಬರುತ್ತಾರೆ ಎಂದು ಕಾಕಾ ರೇಗಿದರು. ಪಕ್ಕದಲ್ಲಿ ಲಾರಿ ನಿಲ್ಲಿಸಿದ್ದ ಪಂಜಾಬಿ ಡ್ರೈವರ್ ನಾಲ್ಕು ಚಪಾತಿ ತಿಂದು ಕಾಕೂಗೆ ನಮಸ್ಕಾರ ಮಾಡಿ ಹೋದ.

ಬೀಗರ ಹಿತ್ತಲಿನಲ್ಲಿ ಊಟ. ಐವತ್ತು ಜನ. ಊಟವಾದ ಮೇಲೆ ಕಾಕಾ ಎದ್ದು ನಿಂತು, ಪೇಟ ಸರಿಮಾಡಿಕೊಂಡು, ಬೀಗರಿಗೆ ಶಲ್ಯ ಹೊದಿಸಿ ಪುಸ್ತಕ ಕೊಟ್ಟರು. ಆ ಶಲ್ಯ ಸೇಡು ತೀರಿಸಿಕೊಂಡದ್ದು, ಅದು ನನಗೆ ಮತ್ತು ಕಾಕೂಗೆ ಮಾತ್ರ ಗೊತ್ತು. ಬೀಗರಿಗೆ ಕನ್ನಡ ಓದಲು ಬರದಿದ್ದರೂ ಭಕ್ತಿಯಿಂದ ಒಂದೊಂದೇ ಹಾಳೆ ತಿರುವಿದರು. ಕೊನೆಯಲ್ಲಿ ಅಂಟಿಸಿದ್ದ ದೊಡ್ಡ ನಕ್ಷೆಯನ್ನು ಬಿಡಿಸಿ ಮೇಜಿನ ಮೇಲೆ ಹಾಸಿದರು. ಅದರಲ್ಲಿ ಹೆಸರುಗಳನ್ನು ಇಂಗ್ಲಿಷಿನಲ್ಲೂ ಬರೆದಿದ್ದೆವು. ಎಲ್ಲರೂ ಬಗ್ಗಿದರು.

ಮೊಮ್ಮಗಳು ಮಾಯಾಗೆ ಆಗ ಹತ್ತು ವರ್ಷ. ಅಜ್ಜನ ನಕ್ಷೆಯಲ್ಲಿ ಮೇಲಿನಿಂದ ಬೆರಳಿಟ್ಟು ಒಬ್ಬೊಬ್ಬರನ್ನೇ ದಾಟಿ ಬಂದಳು. ಹದಿನಾಲ್ಕನೆಯ ಸಾಲಿನಲ್ಲಿ ಅಜ್ಜನ ಹೆಸರು ಸಿಕ್ಕಿತು. ಅದರ ಕೆಳಗೆ ಬೆರಳು ನಿಂತಿತು. ಅಣ್ಣಂದಿರ ಹೆಸರಿನ ಕೆಳಗೆ ಗೆರೆ ಇಳಿದು ಮಕ್ಕಳಾಗಿದ್ದವು, ಮೊಮ್ಮಕ್ಕಳಾಗಿದ್ದವು. ಕಾಕಾ ಹೆಸರಿನ ಕೆಳಗೆ ಬರೀ ಬಿಳಿ ಕಾಗದ.

“ಅಜ್ಜಾ, ವೇರ್ ಆ್ಯಮ್ ಐ?” ಎಂದಳು. ಹುಡುಕಿ ಸಾಕಾಗಿ ಕೇಳಿದ ಹಾಗೆ, ಸಿಟ್ಟೇನೂ ಇರಲಿಲ್ಲ. ಅಮ್ಮನೂ ಇಲ್ಲವಲ್ಲ ಎಂದೂ ಕೇಳಿದಳು.

ಕಾಕಾ ನಕ್ಕರು. ವಂಶಾವಳಿಯಲ್ಲಿ ಹೆಣ್ಣುಮಕ್ಕಳನ್ನು ಬರೆಯುವ ಪದ್ಧತಿ ಇಲ್ಲ, ಅವರು ಹೋದ ಮನೆಯಲ್ಲಿ ಬರೆಯುತ್ತಾರೆ, ನೀನು ಆ ಅಜ್ಜನ ಪುಸ್ತಕದಲ್ಲಿದ್ದೀಯಲ್ಲ ಎಂದು ಸಮಾಧಾನ ಹೇಳಿದರು. ಹುಡುಗಿ, ಆ ಪುಸ್ತಕದಲ್ಲಿ ನೀನೂ ಇದ್ದೀಯ, ಅಜ್ಜಿಯೂ ಇದ್ದಾಳೆ ಎಂದಳು. ಅಷ್ಟೇ. ಆಮೇಲೆ ಕೇಕ್ ಕತ್ತರಿಸಲು ಕರೆದರೆಂದು ಓಡಿದಳು. ಬೀಗರು ನಕ್ಷೆಯನ್ನು ಮೆಲ್ಲಗೆ ಮಡಚಿದರು. ಕಾಕಾ ಮಗಳು ತಂದೆಯ ಕಡೆ ನೋಡದೆ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆ ನಕ್ಷೆಯನ್ನು ಟೈಪ್ ಮಾಡಿದವಳು ನಾನು. ಎಂಟು ಶನಿವಾರ ಅದನ್ನೇ ನೋಡುತ್ತ ಕೂತಿದ್ದೆ, ನನಗೂ ಕಂಡಿರಲಿಲ್ಲ. ನಮ್ಮಪ್ಪನ ಮನೆಯ ವಂಶಾವಳಿಯಲ್ಲಿ ನಾನೂ ಇಲ್ಲ. ಅಲ್ಲಿಯವರೆಗೆ ಅದೊಂದು ಕೊರತೆ ಎಂದು ನನಗೆ ಅನಿಸಿರಲೇ ಇಲ್ಲ, ನಾಚಿಕೆಯಾಯಿತು.

ವಾಪಸು ಬರುವಾಗ ಓಲೆಪ್ಪ ಕಾರು ಹತ್ತಲಿಲ್ಲ. ಅರ್ಧ ದಾರಿ ದಾಟಿದ ಮೇಲೆ ಕಾಕಾ, “ಆ ಫೈಲ್ ಇನ್ನೂ ಅದ ಏನು ತಂಗಿ?” ಎಂದು ಕೇಳಿದರು.

ಹೀಗೆ ಎರಡನೇ ಮುದ್ರಣದ ಕೆಲಸ ಶುರುವಾಯಿತು. ಹೆಣ್ಣುಮಕ್ಕಳು, ಸೊಸೆಯಂದಿರು, ಅಜ್ಜಿಯರು, ಎಲ್ಲರನ್ನೂ ಸೇರಿಸುವುದು. ಮನುಷ್ಯ ಬದಲಾದರು ಎಂದು ನೀವು ತಿಳಿಯಬೇಡಿ; ಬೀಗರೆದುರು ಹತ್ತು ವರ್ಷದ ಹುಡುಗಿ ಹಿಡಿದ ತಪ್ಪನ್ನು ತಿದ್ದಬೇಕಿತ್ತು, ನಕ್ಷೆಯಲ್ಲಿ ಸೋರಿಕೆ ಕಂಡ ಎಂಜಿನಿಯರಿಗೆ ನಿದ್ದೆ ಬರುವುದಿಲ್ಲ. ತಾಯಿ, ಅಜ್ಜಿ, ಮುತ್ತಜ್ಜಿ ಮೂವರ ಹೆಸರು ಕಾಕಾಗೆ ಬಾಯಿಪಾಠವಿತ್ತು, ಶ್ರಾದ್ಧದ ದಿನ ಎಳ್ಳುನೀರು ಬಿಡುವಾಗ ಹೇಳಬೇಕಲ್ಲ. ಮೂರು ಸಿಕ್ಕೇಬಿಟ್ಟವು ಎಂದು ಜಂಬದಿಂದ ಹೇಳಿ ಬರೆಸುತ್ತಿರುವಾಗ, ಚಹಾ ತಂದ ಕಾಕೂ ಬಾಗಿಲಲ್ಲೇ ನಿಂತು, “ಅವು ಲಗ್ನದಾಗ ಇಟ್ಟ ಹೆಸರು. ಹುಟ್ಟಿದಾಗ ಇಟ್ಟದ್ದು ಬ್ಯಾರೆ ಇರ್ತದ” ಎಂದರು. ಅವರ ಕಡೆ ಮದುವೆಯ ದಿನ ಹುಡುಗಿಯ ಹೆಸರು ಬದಲಿಸುತ್ತಾರೆ. ಗಂಡ ಅಕ್ಕಿಯ ಮೇಲೆ ಹೊಸ ಹೆಸರು ಬರೆಯುತ್ತಾನೆ, ಹಳೆಯದು ಅಂದಿಗೆ ಮುಗಿಯಿತು. ಕಾಕಾ ಆ ಮಾತನ್ನು ಕೇಳಿಸಿಕೊಂಡರು, ಅಡುಗೆಮನೆಯ ಕಡೆಯಿಂದ ಬಂದ ಮಾತನ್ನು ಅವರು ಕೇಳಿಸಿಕೊಂಡದ್ದು ಬಹುಶಃ ಅದೇ ಮೊದಲು. ಹುಟ್ಟಿದ ಹೆಸರನ್ನೇ ಹಾಕೋಣ, ಪಕ್ಕಾ ಕೆಲಸ ಆಗಲಿ ಎಂದರು. ಕಾಕೂ ಲೋಟ ಇಟ್ಟು ಇನ್ನೊಂದು ಗಳಿಗೆ ನಿಂತು ಒಳಗೆ ಹೋದರು.

ಅಲ್ಲಿಂದ ಫೋನಿನ ಹಾವಳಿ. ಮಧ್ಯಾಹ್ನವಾಗುತ್ತಲೇ ಧಾರವಾಡದಲ್ಲಿ ಬೆಳಗಾಗಿರುತ್ತದೆಂದು ಸ್ಪೀಕರ್ ಹಾಕಿ ಕೂರುವರು. ಅಜ್ಜಿಯ ತವರಿನ ಹೆಸರು ಕೇಳಿದರೆ ಅಣ್ಣ, ಅಜ್ಜಿಗೆ ಅಜ್ಜಿ ಅಂತಲೇ ಹೆಸರು ಎಂದ. ಬೆಳಗಾವಿಯ ಅತ್ತೆಯ ಮಗ, ಅಕ್ಕವ್ವ ಅಂತಿದ್ದರು ಎಂದ. ಓಲೆಪ್ಪನ ಹಸುವಿನ ಹೆಸರು, ಬಣ್ಣ, ಅದು ಕರು ಹಾಕಿದ ವರ್ಷ ಗೊತ್ತಿದ್ದ ಮನುಷ್ಯನಿಗೆ ತನ್ನನ್ನು ಸಾಕಿದ ಅಜ್ಜಿಯ ಹುಟ್ಟಿದ ಹೆಸರು ಸಿಗಲಿಲ್ಲ. ಮೇಲಾಗಿ ಹೆಣ್ಣುಮಕ್ಕಳ ಹೆಸರು ಕೂಡಿಹಾಕುತ್ತಿದ್ದಾನೆ ಎಂದರೆ ಆಸ್ತಿಯಲ್ಲಿ ಪಾಲು ಕೇಳುವ ಹುನ್ನಾರ ಎಂದು ಊರಿನಲ್ಲಿ ಸುದ್ದಿ ಹಬ್ಬಿತು. ಅಣ್ಣನ ಮಕ್ಕಳು ಫೋನ್ ಎತ್ತುವುದನ್ನೇ ಬಿಟ್ಟರು. ಕಾಕಾ ಹಟ ಬಿಡಲಿಲ್ಲ. ಪುಣೆಯ ಒಬ್ಬ ಮುದುಕಿ ಚಿಗವ್ವನಿಂದ ಒಂದು ಹೆಸರು, ಹುಬ್ಬಳ್ಳಿಯ ಆಚಾರ್ಯರಿಂದ ಇನ್ನೊಂದು, ಹೀಗೆ ಒಂದು ವರ್ಷದಲ್ಲಿ ಒಂಬತ್ತು ಹೆಸರು ಸಿಕ್ಕವು. ಉಳಿದ ಕಡೆ ಚುಕ್ಕಿ ಹಾಕಿಸಿದರು. ಕೊನೆಕೊನೆಗೆ ನನ್ನನ್ನು ಕರೆಯದೆ, ಎರಡು ಬೆರಳಲ್ಲಿ ತಾವೇ ಟೈಪ್ ಮಾಡುತ್ತಿದ್ದರು. ಒಂದು ಬೆಳಗ್ಗೆ ವಾಕಿಂಗ್‌ಗೆಂದು ಶೂ ಹಾಕಿಕೊಳ್ಳುತ್ತ ಕೂತವರು ಹಾಗೇ ಹೋದರು.

ಕ್ರಿಯೆಗೆ ಅಣ್ಣನ ಮಕ್ಕಳು ಬರುತ್ತೇವೆ ಅಂದರು, ವೀಸಾ ಸಿಗಲಿಲ್ಲ ಅಂದರು. ಮಗಳೇ ಮಾಡಿದಳು. ಹದಿಮೂರನೇ ದಿನ ಬಂದವರಿಗೆ ಕೊಡೋಣ, ಕೊನೆಯ ನಕ್ಷೆಯನ್ನಾದರೂ ಪ್ರಿಂಟ್ ಮಾಡು ಎಂದು ಕಾಕೂ ನನ್ನನ್ನು ಕರೆಸಿದರು. ಕಂಪ್ಯೂಟರಿನಲ್ಲಿ ಹುಡುಕಿ ಒಂದು ಪ್ರತಿ ತೆಗೆದು ಮೇಜಿನ ಮೇಲೆ ಹರಡಿದೆ. ನಕ್ಷೆ ಎರಡರಷ್ಟು ಅಗಲವಾಗಿತ್ತು. ಹದಿನಾಲ್ಕನೆಯ ಸಾಲಿನಿಂದ ಗೆರೆ ಇಳಿದಿತ್ತು, ಮಗಳು ಇದ್ದಳು, ಅಳಿಯನಿದ್ದ. ಕಟ್ಟಕಡೆಗೆ, ಬೇರೆಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ ಮಾಯಾ. ಪಕ್ಕದಲ್ಲಿ ನಿಂತಿದ್ದ ಮಾಯಾ ತನ್ನ ಹೆಸರಿನ ಮೇಲೆ ಬೆರಳಿಟ್ಟಳು. ಕಾಕಾ, ನೀವು ಗೆದ್ದಿರಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕಾಕೂ ಕನ್ನಡಕ ಹಾಕಿಕೊಂಡು ಬಗ್ಗಿದರು. ಕಾಕಾ ಹೆಸರಿನ ಪಕ್ಕದಲ್ಲಿ ಒಂದು ಹೊಸ ಚೌಕ, ಅದರಲ್ಲಿ ಕಾಕೂ ಹೆಸರು: ಸುಧಾ. ಕೆಳಗೆ ಸಣ್ಣಕ್ಷರದಲ್ಲಿ, ತವರಿನ ಹೆಸರು ಗೋದಾವರಿ. ಗೋದಾವರಿ ಎಂಬುದನ್ನು ಎರಡು ಸಲ ಓದಿದರು.

“ಇದು ನಮ್ಮಕ್ಕನ ಹೆಸರು” ಎಂದರು. “ಮೊದಲು ಅಕ್ಕನ್ನ ನೋಡ್ಲಿಕ್ಕೆ ಬಂದಿದ್ರು.”

ಮಗಳು ಅಮ್ಮನ ಹೆಗಲು ಹಿಡಿದಳು. ಧಾರವಾಡ, ಬೆಳಗಾವಿ, ಪುಣೆ, ಹುಬ್ಬಳ್ಳಿ ಎಲ್ಲ ಕಡೆ ವಿಚಾರಿಸಿದ ಮನುಷ್ಯ, ಹತ್ತು ಹೆಜ್ಜೆ ಆಚೆ ಒಲೆಯ ಮುಂದೆ ನಿಂತವರನ್ನು ಕೇಳಿರಲಿಲ್ಲ. ಮರೆತಿದ್ದೇನೆ ಎಂದು ಒಪ್ಪಿಕೊಳ್ಳುವುದಕ್ಕಿಂತ ನೆನಪಿಗೆ ಬಂದದ್ದನ್ನು ಹಾಕುವುದು ಅವರಿಗೆ ಸುಲಭವಾಗಿತ್ತು.

ಕಾಕೂ ಅಳಲಿಲ್ಲ. “ಕೇಳಿದ್ರ ಹೇಳತಿದ್ದೆ” ಎಂದರು. ಆಮೇಲೆ ಮಾಯಾಳ ಪೆನ್ಸಿಲ್ ಬಾಕ್ಸಿನಿಂದ ಒಂದು ಪೆನ್ನು ತೆಗೆದುಕೊಂಡು, ಅಕ್ಕನ ಹೆಸರನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಅದರ ಮೇಲೆ ದುಂಡಗೆ ಕೃಷ್ಣಾ ಎಂದು ಬರೆದರು. ಬರೆದು ಪೆನ್ನಿನ ಮುಚ್ಚಳ ಹಾಕಿದರು. ಇನ್ನು ಇದರದೇ ಇಪ್ಪತ್ತೈದು ಪ್ರತಿ ತೆಗೆ ಎಂದು ನನಗೆ ಹೇಳಿದರು. ಕಂಪ್ಯೂಟರಿನಲ್ಲಿ ತಿದ್ದಿಬಿಡುತ್ತೇನೆ, ಗೆರೆ ಕಾಣುವುದಿಲ್ಲ ಎಂದೆ.

“ಬ್ಯಾಡ. ಕಾಣಲಿ” ಎಂದರು.